ಡಿವಿಡಿ ರೈಟರ್ ಕೊಳ್ಳೋ ಮುಂಚೆ: ಯಾವುದು ನಿಜಕ್ಕೂ ಅಗ್ಗ, ಯಾವುದು ಅಗ್ಗದ ಹಾಗೆ ಕಾಣುತ್ತೆ

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ. ಹೊಸ ಡೆಸ್ಕ್‌ಟಾಪ್ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಗಾಜು, ಫ್ಯಾನು, ಬಣ್ಣಬಣ್ಣದ ದೀಪ ಎಲ್ಲಾ ಇರುತ್ತವೆ, ಡ್ರೈವ್ ಕೂರಿಸುವ ಕಿಂಡಿ ಮಾತ್ರ ಇರುವುದಿಲ್ಲ. ಆದರೆ ಬೀರುವಿನಲ್ಲಿರುವ ಡಿಸ್ಕ್‌ಗಳು ಎಲ್ಲಿಗೂ ಹೋಗಿಲ್ಲ. ಹತ್ತು ಹದಿನೈದು ವರ್ಷದ ಹಿಂದೆ ಮದುವೆಯಾದವರ ಮನೆಯಲ್ಲಿ ಕರಿಜ್ಮಾ ಆಲ್ಬಮ್ಮಿನ ಜೊತೆಗೆ ಎರಡೋ ಮೂರೋ ಡಿವಿಡಿ ಇದ್ದೇ ಇರುತ್ತವೆ. ಎಂಆರ್‌ಐ ಮಾಡಿಸಿದರೆ ಫಿಲ್ಮಿನ ಜೊತೆ ಸಿಡಿ ಕೊಡುವ ಸ್ಕ್ಯಾನಿಂಗ್ ಸೆಂಟರ್‌ಗಳು ಇನ್ನೂ ಇವೆ. ಕೋರ್ಟಿಗೆ ಸಿಸಿಟಿವಿ ದೃಶ್ಯ ಕೊಡಬೇಕು ಅಂದರೆ ಎಷ್ಟೋ ವಕೀಲರು ಇವತ್ತಿಗೂ ಕೇಳುವುದು ಸಿಡಿ ಇಲ್ಲವೇ ಪೆನ್‌ಡ್ರೈವ್. ಹಾಗಾಗಿ ‘ಡಿವಿಡಿ ರೈಟರ್ ಯಾವುದು ತಗೊಳ್ಳಲಿ, ಕಡಿಮೆಗೆ ಎಲ್ಲಿ ಸಿಗುತ್ತೆ’ ಅನ್ನೋ ಪ್ರಶ್ನೆ ಇನ್ನೂ ಸತ್ತಿಲ್ಲ. ರೈಟರ್ ಅಂದರೆ ಡಿಸ್ಕ್ ಓದುವುದರ ಜೊತೆಗೆ ಖಾಲಿ ಡಿಸ್ಕಿಗೆ ಫೈಲ್ ತುಂಬುವ (ರೈಟ್ ಮಾಡುವ) ಡ್ರೈವ್.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಡಬ್ಬದ ಮೇಲಿನ ಬೆಲೆ ನೋಡಿ ಡ್ರೈವ್ ಆರಿಸಬೇಡಿ. ನಿಮ್ಮ ಹತ್ತಿರ ಎಂಥ ಕಂಪ್ಯೂಟರ್ ಇದೆ, ಎಷ್ಟು ಡಿಸ್ಕ್ ಕೆಲಸ ಇದೆ ಅನ್ನೋದನ್ನು ನೋಡಿ ಆರಿಸಿ. ಒಂದೇ ಕೆಲಸಕ್ಕೆ ಒಬ್ಬರು ನಾಲ್ಕು ನೂರು ರೂಪಾಯಿಯಲ್ಲಿ ಮುಗಿಸಬಹುದು, ಇನ್ನೊಬ್ಬರು ಮೂರು ಸಾವಿರ ಕೊಟ್ಟೂ ಪರದಾಡಬಹುದು.

ಕೆಳಗೆ ಹೇಳುವ ಬೆಲೆಗಳೆಲ್ಲಾ ಅಂದಾಜು. ಈ ಸಾಮಾನಿನ ಮಾರಾಟ ಈಗ ಕಡಿಮೆ, ಸ್ಟಾಕ್ ಇದ್ದ ಕಡೆ ಒಂದು ರೇಟು, ಇಲ್ಲದ ಕಡೆ ಇನ್ನೊಂದು. ಬೆಲೆಗಿಂತ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ನೋಡಿಕೊಳ್ಳಿ.

ಕೊಳ್ಳಲೇಬೇಕಾ?

ನಾಲ್ಕೈದು ಮದುವೆ ಡಿವಿಡಿಗಳನ್ನು ಒಂದು ಸಲ ಹಾರ್ಡ್‌ಡಿಸ್ಕಿಗೆ ಹಾಕಿಕೊಂಡರೆ ಸಾಕು ಅನ್ನುವವರು ಕೊಳ್ಳುವ ಅಗತ್ಯವೇ ಇಲ್ಲ. ಅಕ್ಕಪಕ್ಕ, ನೆಂಟರಿಷ್ಟರ ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಬಟ್ಟೆ ಹೊದ್ದುಕೊಂಡು ಕೂತಿರುತ್ತೆ, ಅಲ್ವಾ? ಅದರಲ್ಲಿ ಡ್ರೈವ್ ಇರುತ್ತೆ. ಪೆನ್‌ಡ್ರೈವ್ ತಗೊಂಡು ಹೋಗಿ. ಡಿಸ್ಕ್ ಹಾಕಿ, ಅದರೊಳಗೆ ‘ವಿಡಿಯೋ ಟಿಎಸ್’ ಅನ್ನುವ ಫೋಲ್ಡರ್ ಕಾಣುತ್ತೆ. ಆ ಫೋಲ್ಡರನ್ನು ಹಾಗೇ ಕಾಪಿ ಮಾಡಿ. ಒಳಗೆ ಹೆಚ್ಚೂಕಮ್ಮಿ ಒಂದೊಂದು ಜಿಬಿಯ ‘ವಿಓಬಿ’ ಫೈಲುಗಳು ಸಾಲಾಗಿ ಇರುತ್ತವೆ, ಅವೇ ನಿಮ್ಮ ಮದುವೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಆ ಫೋಲ್ಡರ್ ತೆರೆದರೆ ಮೆನು ಸಮೇತ ಓಡುತ್ತೆ. ಸ್ಟುಡಿಯೋದವರು ರೈಟ್ ಮಾಡಿಕೊಟ್ಟ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ಸಿನಿಮಾ ಡಿವಿಡಿಗಳಿಗೆ ಇರುವಂಥ, ಕಾಪಿ ತಡೆಯುವ ಬೀಗ ಇರುವುದಿಲ್ಲ. ಹಾಗಾಗಿ ಬೇರೆ ಸಾಫ್ಟ್‌ವೇರ್ ಏನೂ ಬೇಡ.

ಫೋಟೋ ಸ್ಟುಡಿಯೋಗಳೂ ಡಿಸ್ಕಿನಿಂದ ಪೆನ್‌ಡ್ರೈವಿಗೆ ಹಾಕಿಕೊಡುತ್ತವೆ. ಡಿಸ್ಕಿಗೆ ಇಷ್ಟು ಅಂತ ಕೇಳುತ್ತಾರೆ. ಡಿಸ್ಕುಗಳು ನಾಲ್ಕೋ ಐದೋ ಇದ್ದರೆ ಇದೇ ಲಾಭ. ಇಪ್ಪತ್ತು ಮೂವತ್ತು ಇದ್ದರೆ ಲೆಕ್ಕ ತಿರುಗುತ್ತೆ, ಆಗ ಸ್ವಂತ ಡ್ರೈವ್ ಕೊಳ್ಳಿ.

ಇನ್ನೊಂದು ಮಾತು. ಓದೋಕೆ ಮಾತ್ರ ಬೇಕಾ, ರೈಟ್ ಮಾಡೋಕೂ ಬೇಕಾ ಅಂತ ಮೊದಲೇ ತೀರ್ಮಾನ ಮಾಡಿ. ಓದೋಕೆ ಮಾತ್ರ ಅಂದರೆ ಓದುವುದಷ್ಟೇ ಗೊತ್ತಿರುವ ಹಳೇ ಡಿವಿಡಿ ರಾಮ್ (ROM) ಡ್ರೈವ್ ಆದರೂ ನಡೆಯುತ್ತೆ. ರೈಟ್ ಮಾಡಬೇಕು ಅಂದರೆ ‘ಕಾಂಬೋ ಡ್ರೈವ್’ ಅನ್ನೋ ಹೆಸರು ಕಂಡ ಕೂಡಲೇ ಹುಷಾರಾಗಿ. ಅದು ಡಿವಿಡಿ ಓದುತ್ತೆ, ಸಿಡಿ ಓದುತ್ತೆ, ಸಿಡಿ ರೈಟ್ ಮಾಡುತ್ತೆ. ಡಿವಿಡಿ ರೈಟ್ ಮಾಡಲ್ಲ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಇಂಥವು ಬೇಕಾದಷ್ಟು ಬಂದಿದ್ದವು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಇವತ್ತಿಗೂ ‘ಡಿವಿಡಿ ಡ್ರೈವ್’ ಅಂತಲೇ ಮಾರುತ್ತಾರೆ. ಕೇಳಿ ನೋಡಿ:

‘ಅಣ್ಣಾ, ಇದು ಡಿವಿಡಿ ರೈಟ್ ಮಾಡುತ್ತಾ?’

‘ಎಲ್ಲಾ ಮಾಡುತ್ತೆ ಸಾರ್, ತಗೊಳ್ಳಿ.’

ಈ ಉತ್ತರ ನಂಬಬೇಡಿ. ಡ್ರೈವಿನ ಟ್ರೇ ಮೇಲೆ ಡಿವಿಡಿ ಗುರುತಿನ ಪಕ್ಕದಲ್ಲೇ ‘ಆರ್‌ಡಬ್ಲ್ಯೂ’ ಅಥವಾ ‘ಮಲ್ಟಿ ರೆಕಾರ್ಡರ್’ ಅಂತ ಇದೆಯಾ ನೋಡಿ. ಡಿವಿಡಿ ಗುರುತಿನ ಕೆಳಗೆ ‘ರಾಮ್’ (ROM) ಅಂತ ಇಲ್ಲವೇ ಬರೀ ‘ಡಿವಿಡಿ’ ಅಂತ ಇದ್ದು, ಆರ್‌ಡಬ್ಲ್ಯೂ ಅನ್ನೋದು ಸಿಡಿ ಗುರುತಿನ ಪಕ್ಕ ಮಾತ್ರ ಇದ್ದರೆ ಕೈಬಿಡಿ.

ಸ್ಪೀಡ್ ಅಂಕಿ ನೋಡಿ ದುಡ್ಡು ಕೊಡಬೇಡಿ

ಡಬ್ಬದ ಮೇಲೆ 8 ಎಕ್ಸ್, 24 ಎಕ್ಸ್ ಅಂತ ದೊಡ್ಡದಾಗಿ ಬರೆದಿರುತ್ತೆ. ಡಿವಿಡಿಯಲ್ಲಿ 1 ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.38 ಎಂಬಿ. 8 ಎಕ್ಸ್ ಅಂದರೆ 11 ಎಂಬಿ. ತೆಳ್ಳಗಿನ ಲ್ಯಾಪ್‌ಟಾಪ್ ಡ್ರೈವ್‌ಗಳು, ಹೊರಗಿನಿಂದ ಚುಚ್ಚುವ ತೆಳ್ಳಗಿನ ಯುಎಸ್‌ಬಿ ಡ್ರೈವ್‌ಗಳು ಸಾಮಾನ್ಯವಾಗಿ ಹೆಚ್ಚೆಂದರೆ 8 ಎಕ್ಸ್‌ನಲ್ಲಿ ಡಿವಿಡಿ ರೈಟ್ ಮಾಡುತ್ತವೆ. ಡೆಸ್ಕ್‌ಟಾಪಿನ ದಪ್ಪ ಡ್ರೈವ್‌ಗಳ ಮೇಲೆ 24 ಎಕ್ಸ್ ಅಂತ ಇರುತ್ತೆ. ಆದರೆ ಅಂಗಡಿಯಲ್ಲಿ ಸಿಗುವ ಖಾಲಿ ಡಿಸ್ಕ್‌ಗಳ ಮೇಲೆ ಬರೆದಿರುವುದು 16 ಎಕ್ಸ್ ತಾನೆ? ಅದೂ ಡಿಸ್ಕಿನ ಹೊರ ಅಂಚಿಗೆ ಬಂದಾಗ ಮಾತ್ರ ಸಿಗುವ ವೇಗ, ಒಳಗಡೆಯಿಂದ ಶುರುವಾಗುವಾಗ ಅದರ ಅರ್ಧವೂ ಇರುವುದಿಲ್ಲ.

ಒಂದು ಪೂರ್ತಿ ಡಿಸ್ಕ್ ತುಂಬಿಸೋಕೆ ತೆಳ್ಳಗಿನ ಡ್ರೈವ್‌ನಲ್ಲಿ ಎಂಟೊಂಬತ್ತು ನಿಮಿಷ, ದಪ್ಪ ಡ್ರೈವ್‌ನಲ್ಲಿ ಐದಾರು ನಿಮಿಷ. ಉಳಿಯುವುದು ಮೂರು ನಿಮಿಷ. ದಿನಕ್ಕೆ ಐವತ್ತು ಡಿಸ್ಕ್ ಮಾಡುವ ಸ್ಟುಡಿಯೋದವರಿಗೆ ಅದು ಲೆಕ್ಕಕ್ಕೆ ಬರುತ್ತೆ, ನಮಗೆ ನಿಮಗೆ ಅಲ್ಲ. ಮೇಲಾಗಿ 16 ಎಕ್ಸ್ ಡಿಸ್ಕನ್ನು 8 ಎಕ್ಸ್‌ನಲ್ಲಿ ರೈಟ್ ಮಾಡುವುದೇ ಒಳ್ಳೆಯದು, ಹಳೇ ಪ್ಲೇಯರ್‌ಗಳಲ್ಲಿ ತಕರಾರಿಲ್ಲದೆ ಓಡುವ ಸಾಧ್ಯತೆ ಜಾಸ್ತಿ.

ಆನ್‌ಲೈನಿನಲ್ಲಿ ‘ಯುಎಸ್‌ಬಿ 3.0, ಸೂಪರ್ ಸ್ಪೀಡ್’ ಅಂತ ಹಾಕಿ ಇನ್ನೂರು ಮುನ್ನೂರು ಜಾಸ್ತಿ ಕೇಳುತ್ತಾರೆ. ವೇಗಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ. ಡ್ರೈವಿಗೆ ಬೇಕಾಗಿರುವುದು ಸೆಕೆಂಡಿಗೆ 11 ಎಂಬಿ, ಹಳೇ ಯುಎಸ್‌ಬಿ 2.0 ಮೂವತ್ತರಷ್ಟು ಆರಾಮಾಗಿ ಕೊಡುತ್ತೆ. ವ್ಯತ್ಯಾಸ ಆಗುವುದು ಕರೆಂಟಿನಲ್ಲಿ. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿಯಾಂಪ್, 3.0 ಪೋರ್ಟ್ 900. ಡಿಸ್ಕ್ ತಿರುಗೋಕೆ ಶುರುವಾಗುವ ಕ್ಷಣದಲ್ಲಿ, ರೈಟ್ ಮಾಡುವಾಗ, ಡ್ರೈವ್ 500ಕ್ಕಿಂತ ಜಾಸ್ತಿ ಎಳೆಯುತ್ತೆ. ಡ್ರೈವ್ ಕಟಕಟ ಅಂದು ಮಾಯವಾಗುವುದು, ಅರ್ಧ ರೈಟ್ ಆಗಿ ನಿಲ್ಲುವುದು, ಇವಕ್ಕೆಲ್ಲಾ ಬಹಳ ಸಲ ಕಾರಣ ಇದೇ. ನಿಮ್ಮ ಕಂಪ್ಯೂಟರಿನಲ್ಲಿ 3.0 ಪೋರ್ಟ್ ಇದ್ದರೆ ಅದಕ್ಕೇ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬೇಡ, ಹಿಂದಿನದು. ಒಂದು ಪೋರ್ಟನ್ನು ನಾಲ್ಕು ಮಾಡುವ ಹಬ್ ಅಂತೂ ಬೇಡವೇ ಬೇಡ. ಹಳೇ ಲ್ಯಾಪ್‌ಟಾಪ್ ಆದರೆ ಎರಡು ಯುಎಸ್‌ಬಿ ತಲೆ ಇರುವ ಕೇಬಲ್ ಜೊತೆಗೆ ಬರುವ ಡ್ರೈವ್ ಹುಡುಕಿ, ಎರಡನೇ ತಲೆ ಕರೆಂಟಿಗೆ ಮಾತ್ರ.

ಒಳಗೆ ಕೂರಿಸುವ ದಪ್ಪ ಡ್ರೈವ್

ನಿಮ್ಮ ಸಿಪಿಯು ಡಬ್ಬದಲ್ಲಿ ಐದೂಕಾಲು ಇಂಚಿನ ಕಿಂಡಿ ಇದ್ದರೆ ಮುಂದೆ ಯೋಚಿಸಬೇಡಿ. ಇದೇ ತಗೊಳ್ಳಿ. ಎಲ್‌ಜಿ, ಏಸಸ್‌ನಂಥ ಕಂಪನಿಗಳ 24 ಎಕ್ಸ್ ಡ್ರೈವ್ ₹1,000 ರಿಂದ ₹1,500ರ ಒಳಗೆ ಸಿಗುತ್ತೆ. ಅದೇ ಹೆಸರಿನ ಯುಎಸ್‌ಬಿ ಡ್ರೈವಿಗೆ ಇದರ ಹೆಚ್ಚೂಕಮ್ಮಿ ಎರಡರಷ್ಟು. ಗೀಚು ಬಿದ್ದ ಡಿಸ್ಕ್ ಓದುವುದರಲ್ಲೂ ಈ ದಪ್ಪ ಡ್ರೈವ್‌ಗಳದ್ದೇ ಸಾಮಾನ್ಯವಾಗಿ ಮೇಲುಗೈ. ಕರೆಂಟಿನ ಕೊರತೆ ಇಲ್ಲ, ಡಿಸ್ಕ್ ಹಿಡಿಯುವ ಭಾಗ ಗಟ್ಟಿ, ಟ್ರೇ ಮೋಟಾರಿನಲ್ಲಿ ಹೊರಗೆ ಬರುತ್ತೆ.

ಕೊಳ್ಳುವ ಮುಂಚೆ ಮೂರು ಸಂಗತಿ ನೋಡಿಕೊಳ್ಳಿ. ಮದರ್‌ಬೋರ್ಡಿನಲ್ಲಿ (ಕಂಪ್ಯೂಟರಿನ ಮುಖ್ಯ ಬೋರ್ಡು) ಡ್ರೈವ್ ಜೋಡಿಸುವ ಸಾಟಾ ಪೋರ್ಟ್ ಒಂದು ಖಾಲಿ ಇದೆಯಾ. ಒಳಗೆಲ್ಲಾ ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬದಿಂದ ಸಾಟಾ ಪವರ್ ವೈರ್ ಒಂದು ಉಳಿದಿದೆಯಾ. ಡಬ್ಬದಲ್ಲಿ ಸಾಟಾ ಕೇಬಲ್ ಬರುತ್ತಾ. ಬರೀ ಪ್ಲಾಸ್ಟಿಕ್ ಕವರಿನಲ್ಲಿ ಬರುವ ‘ಓಇಎಂ’ ಡ್ರೈವ್‌ಗಳ ಜೊತೆ ಕೇಬಲ್ಲೂ ಇರುವುದಿಲ್ಲ, ಸ್ಕ್ರೂ ಕೂಡ ಇರುವುದಿಲ್ಲ. ಎರಡೂ ಸೇರಿ ನೂರು ರೂಪಾಯಿಯ ಮಾತು, ಆದರೆ ಮನೆಗೆ ಬಂದ ಮೇಲೆ ಗೊತ್ತಾದರೆ ಇನ್ನೊಂದು ಸಲ ಬಸ್ ಹತ್ತಬೇಕು. ಬಹಳ ಹಳೇ ಸಿಸ್ಟಮ್ ಆದರೆ ಸಾಟಾಗಿಂತ ಹಿಂದಿನ ಕಾಲದ, ಅಗಲದ ಪಟ್ಟಿಯಂಥ ಐಡಿಇ ಕೇಬಲ್ ಇರುತ್ತೆ, ಅದಕ್ಕೆ ಹೊಸ ಡ್ರೈವ್ ಸಿಗುವುದು ಕಷ್ಟ.

ಲ್ಯಾಪ್‌ಟಾಪ್ ಇದ್ದವರೂ ಈ ದಪ್ಪ ಡ್ರೈವನ್ನು ಹೊರಗಿನಿಂದ ಜೋಡಿಸಬಹುದು. ಸಾಟಾದಿಂದ ಯುಎಸ್‌ಬಿಗೆ ಹೋಗುವ ಅಡಾಪ್ಟರ್ ಕೇಬಲ್ ಬೇಕು. ಆದರೆ ಅಗ್ಗದ ಕೇಬಲ್‌ಗಳು ಚಿಕ್ಕ ಹಾರ್ಡ್‌ಡಿಸ್ಕಿಗೆ ಮಾಡಿದವು, 5 ವೋಲ್ಟ್ ಮಾತ್ರ ಕೊಡುತ್ತವೆ. ದಪ್ಪ ಡ್ರೈವಿಗೆ 12 ವೋಲ್ಟ್ ಕೂಡ ಬೇಕು. ಗೋಡೆಗೆ ಹಾಕುವ ಪವರ್ ಅಡಾಪ್ಟರ್ ಜೊತೆಗೆ ಬರುವ ಕೇಬಲ್ ಆಗಬೇಕು. ಮೇಜಿನ ಮೇಲೆ ನೋಡೋಕೆ ಚೆನ್ನಾಗಿರಲ್ಲ. ಆದರೆ ರಾಶಿ ಡಿಸ್ಕ್ ಇರುವವರಿಗೆ, ಅದರಲ್ಲೂ ಗೀಚು ಬಿದ್ದ ಹಳೇ ಡಿಸ್ಕ್ ಇರುವವರಿಗೆ, ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಯುಎಸ್‌ಬಿ ಡ್ರೈವ್: ಹೆಸರಿರೋದು, ಹೆಸರಿಲ್ಲದ್ದು

ಹೆಚ್ಚಿನವರು ಕೊಳ್ಳುವುದು ಇದನ್ನೇ. ಮೋಸ ಜಾಸ್ತಿ ಇರುವುದೂ ಇಲ್ಲೇ.

ಎಲ್‌ಜಿ, ಏಸಸ್, ಡೆಲ್, ಟ್ರಾನ್ಸೆಂಡ್ ಇವರೆಲ್ಲರ ತೆಳ್ಳಗಿನ ಡ್ರೈವ್‌ಗಳು ₹2,000 ರಿಂದ ₹3,000ದ ನಡುವೆ ಓಡಾಡುತ್ತವೆ. ಇವುಗಳ ನಡುವೆ ಏನು ವ್ಯತ್ಯಾಸ ಅಂತ ತಲೆ ಕೆಡಿಸಿಕೊಳ್ಳಬೇಡಿ. ಈ ಡ್ರೈವ್‌ನ ಯಂತ್ರ ತಯಾರಿಸುತ್ತಿದ್ದ ಕಂಪನಿಗಳೇ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಹಿಟಾಚಿ ಮತ್ತು ಎಲ್‌ಜಿ ಸೇರಿ ಮಾಡಿದ ಕಂಪನಿ ಒಂದು, ತೋಷಿಬಾ–ಸ್ಯಾಮ್‌ಸಂಗ್ ಜೋಡಿ ಇನ್ನೊಂದು, ಫಿಲಿಪ್ಸ್–ಲೈಟ್‌ಆನ್ ಮತ್ತೊಂದು. ಸೋನಿ ತನ್ನ ಆಪ್ಟಿಆರ್ಕ್ ವಿಭಾಗವನ್ನು 2013ರಲ್ಲೇ ಮುಚ್ಚಿತು. ಹೊರಗಿನ ಡಬ್ಬದ ಮೇಲೆ ಯಾರ ಹೆಸರಿದ್ದರೂ ಒಳಗಿನ ಯಂತ್ರ ಬಹುಮಟ್ಟಿಗೆ ಇಂಥ ಕೆಲವೇ ಕಾರ್ಖಾನೆಗಳಿಂದ ಬಂದದ್ದು. ಹಾಗಾಗಿ ಹೆಸರಿರುವ ಡ್ರೈವ್‌ಗಳಲ್ಲಿ ಯಾವುದಕ್ಕೆ ಇವತ್ತು ಬೆಲೆ ಕಡಿಮೆ, ವಾರಂಟಿ ಎಷ್ಟು, ಸರ್ವಿಸ್ ಸೆಂಟರ್ ನಿಮ್ಮೂರಲ್ಲಿ ಇದೆಯಾ, ಇಷ್ಟು ನೋಡಿದರೆ ಸಾಕು. ಜೊತೆಗೆ ಕೊಡುವ ರೈಟಿಂಗ್ ಸಾಫ್ಟ್‌ವೇರಿಗೆ ಬೆಲೆ ಕಟ್ಟಬೇಡಿ. ವಿಂಡೋಸ್ ತಾನೇ ಡಿಸ್ಕಿಗೆ ಫೈಲ್ ರೈಟ್ ಮಾಡುತ್ತೆ. ಇಮೇಜ್ ಫೈಲ್ (ಇಡೀ ಡಿಸ್ಕಿನ ಪ್ರತಿ ಇರುವ ಒಂದೇ ಫೈಲ್) ರೈಟ್ ಮಾಡೋಕೆ ಅದರಲ್ಲೇ ವ್ಯವಸ್ಥೆ ಇದೆ. ಲಿನಕ್ಸ್ ಬಳಸುವವರಿಗೆ ಬ್ರಸೇರೋ, ಕೆ3ಬಿ ಅನ್ನುವ ಸಾಫ್ಟ್‌ವೇರ್‌ಗಳು ಇವೆ. ಡಿವಿಡಿ ಸಿನಿಮಾ ನೋಡುವ ಸೌಲಭ್ಯ ವಿಂಡೋಸ್ 8ರಿಂದ ಈಚೆಗೆ ಅದರ ಜೊತೆ ಬರುವುದಿಲ್ಲ, ವಿಎಲ್‌ಸಿ ಹಾಕಿಕೊಂಡರೆ ಮುಗಿಯಿತು.

ಇನ್ನು ಹೆಸರಿಲ್ಲದ ಡ್ರೈವ್‌ಗಳು. ಆನ್‌ಲೈನಿನಲ್ಲಿ ಹುಡುಕಿದರೆ ಮೊದಲ ಪುಟದ ತುಂಬಾ ಇವೇ. ಸಾವಿರದ ಆಸುಪಾಸು ಬೆಲೆ, ₹3,999 ಅಂತ ಬರೆದು ಮೇಲೆ ಗೀಟು ಹಾಕಿರುತ್ತೆ, ಹಿಂಬದಿಯಲ್ಲಿ ಕೇಬಲ್ ಸುತ್ತಿಡುವ ತೋಡು, ಟೈಪ್ ಸಿ ತಲೆ ಬೇರೆ. ಕೆಲವದರಲ್ಲಿ ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್ ಹಾಕುವ ಕಿಂಡಿಯೂ ಇರುತ್ತೆ. ಒಂದೇ ಯುಎಸ್‌ಬಿ ತಂತಿಯಿಂದ ಇಷ್ಟೆಲ್ಲಕ್ಕೂ ಕರೆಂಟು ಹೋಗಬೇಕು ಅನ್ನೋದನ್ನು ನೆನಪಿಡಿ.

ಇವು ಪೂರ್ತಿ ಕೆಟ್ಟವು ಅಂತ ನಾನು ಹೇಳುವುದಿಲ್ಲ. ತೊಂದರೆ ಏನಂದರೆ ಒಳಗೆ ಏನಿದೆ ಅನ್ನೋದು ಅದೃಷ್ಟಕ್ಕೆ ಬಿಟ್ಟದ್ದು. ಹಳೇ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದ ಯಂತ್ರಕ್ಕೆ ಹೊಸ ಪ್ಲಾಸ್ಟಿಕ್ ಮೈ ತೊಡಿಸಿ ಮಾರುವುದೂ ಉಂಟು. ಕಂಡುಹಿಡಿಯೋಕೆ ಒಂದು ಸುಲಭ ದಾರಿ ಇದೆ. ಡ್ರೈವ್ ಜೋಡಿಸಿ, ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ (ಕಂಪ್ಯೂಟರಿಗೆ ಜೋಡಿಸಿದ ಯಂತ್ರಗಳ ಪಟ್ಟಿ) ತೆರೆಯಿರಿ. ಡಿವಿಡಿ ಡ್ರೈವ್ ಅನ್ನೋ ಸಾಲಿನ ಪಕ್ಕದ ಬಾಣದ ಮೇಲೆ ಒತ್ತಿ. ‘ಎಚ್‌ಎಲ್-ಡಿಟಿ-ಎಸ್‌ಟಿ’ ಅಂತ ಶುರುವಾದರೆ ಒಳಗಿನದು ಹಿಟಾಚಿ–ಎಲ್‌ಜಿ. ‘ಟಿಎಸ್‌ಎಸ್‌ಟಿಕಾರ್ಪ್’ ಅಂದರೆ ತೋಷಿಬಾ–ಸ್ಯಾಮ್‌ಸಂಗ್. ‘ಪಿಎಲ್‌ಡಿಎಸ್’ ಅಂದರೆ ಫಿಲಿಪ್ಸ್–ಲೈಟ್‌ಆನ್. ‘ಮಟ್‌ಶಿಟಾ’ (MATSHITA) ಅಂದರೆ ಪ್ಯಾನಾಸಾನಿಕ್. ಆ ಹೆಸರಿನ ಮುಂದಿರುವ ಮಾಡೆಲ್ ನಂಬರನ್ನು ಗೂಗಲ್ ಮಾಡಿದರೆ ಅದು ಯಾವ ಕಾಲದ್ದು, ರೈಟರ್ ಹೌದೋ ಅಲ್ಲವೋ ಎಲ್ಲಾ ಹೊರಬೀಳುತ್ತೆ. ಯಾರ ಹೆಸರೂ ಇಲ್ಲದೆ ಬರೀ ‘ಯುಎಸ್‌ಬಿ ಡಿವೈಸ್’ ಅಂತ ತೋರಿಸಿದರೆ ನಾನಾದರೆ ವಾಪಸ್ ಕಳಿಸುತ್ತೇನೆ. ವರ್ಷಕ್ಕೆ ಒಂದು ಸಲ ಸ್ಕ್ಯಾನ್ ಸಿಡಿ ನೋಡುವವರಿಗೆ ಹೆಸರಿಲ್ಲದ್ದೂ ನಡೆಯುತ್ತೆ. ಮದುವೆ, ನಾಮಕರಣದ ಡಿಸ್ಕುಗಳನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಬೇಡ.

ಮ್ಯಾಕ್ ಇರುವವರು ಹಳೇ ಆಪಲ್ ಸೂಪರ್‌ಡ್ರೈವ್ ಅಗ್ಗಕ್ಕೆ ಸಿಕ್ಕರೆ ತಗೊಳ್ಳಬಹುದು. ಹೊಸ ಮ್ಯಾಕ್‌ಗೆ ಟೈಪ್ ಸಿ ಅಡಾಪ್ಟರ್ ಬೇಕಾಗುತ್ತೆ, ಅದರ ಬೆಲೆಯನ್ನೂ ಸೇರಿಸಿಕೊಳ್ಳಿ. ವಿಂಡೋಸ್ ಇರುವವರು ಅದರ ಬೆಳ್ಳಿ ಮೈಗೆ ಮರುಳಾಗಬೇಡಿ. ಅದು ಮ್ಯಾಕ್‌ಗೆ ಅಂತಲೇ ಮಾಡಿದ್ದು, ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಸುಮ್ನೆ ಕೂತಿರುತ್ತೆ. ಎಲ್‌ಜಿ, ಏಸಸ್‌ಗಳ ಡ್ರೈವ್ ಎರಡರಲ್ಲೂ ಓಡುತ್ತೆ.

ಹಳೇ ಲ್ಯಾಪ್‌ಟಾಪಿನ ಡ್ರೈವ್, ಹೊಸ ಕೇಸು

ಕೆಟ್ಟು ಕೂತ ಹಳೇ ಲ್ಯಾಪ್‌ಟಾಪ್ ಮನೆಯಲ್ಲಿದೆಯಾ? ಹಾಗಿದ್ದರೆ ಎಲ್ಲಕ್ಕಿಂತ ಅಗ್ಗದ ಡಿವಿಡಿ ರೈಟರ್ ನಿಮ್ಮ ಹತ್ತಿರ ಆಗಲೇ ಇದೆ. ಸ್ಕ್ರೀನ್ ಹೋಗಿರಲಿ, ಬೋರ್ಡ್ ಹೋಗಿರಲಿ, ಡ್ರೈವ್ ಮಾತ್ರ ಬಹಳ ಸಲ ಚೆನ್ನಾಗೇ ಇರುತ್ತೆ. ಅದನ್ನು ಹೊರತೆಗೆದು ಒಂದು ಯುಎಸ್‌ಬಿ ಕೇಸಿಗೆ ಹಾಕಿದರೆ ಮುಗಿಯಿತು. ಕೇಸಿಗೆ ನಾಲ್ಕೈದು ನೂರು ರೂಪಾಯಿ.

ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಕೆಳಗಡೆ ಒಂದೇ ಒಂದು ಸ್ಕ್ರೂ ಡ್ರೈವನ್ನು ಹಿಡಿದಿಟ್ಟಿರುತ್ತೆ. ಅದರ ಪಕ್ಕ ಪುಟ್ಟ ಡಿಸ್ಕಿನ ಚಿತ್ರ ಇರುವುದೂ ಉಂಟು. ಮೊದಲು ಬ್ಯಾಟರಿ ತೆಗೆಯಿರಿ. ಸ್ಕ್ರೂ ಬಿಚ್ಚಿ ಪಕ್ಕದಿಂದ ಎಳೆದರೆ ಡ್ರೈವ್ ಸರಿದು ಬರುತ್ತೆ. ಕೈಗೆ ಬಂದ ಕೂಡಲೇ ದಪ್ಪ ಅಳೆಯಿರಿ. 9.5 ಮಿಲಿಮೀಟರ್ ಒಂದು ಅಳತೆ, 12.7 ಮಿಲಿಮೀಟರ್ ಇನ್ನೊಂದು. ಕೇಸು ಕೂಡ ಈ ಎರಡು ಅಳತೆಯಲ್ಲೇ ಬರುತ್ತೆ. ದಪ್ಪ ಡ್ರೈವ್ ತೆಳು ಕೇಸಿಗೆ ಹೋಗಲ್ಲ. ತೆಳು ಡ್ರೈವ್ ದಪ್ಪ ಕೇಸಿಗೆ ಹೋಗುತ್ತೆ, ಆದರೆ ಒಳಗೆ ಅಲುಗಾಡುತ್ತೆ. ಡ್ರೈವ್ ಅಲುಗಾಡಿದರೆ ಡಿಸ್ಕ್ ಹಾಳು. ಮುಂದಿನ ಪ್ಲಾಸ್ಟಿಕ್ ಪಟ್ಟಿ ಆ ಲ್ಯಾಪ್‌ಟಾಪಿನ ಆಕಾರಕ್ಕೆ ಬಾಗಿರುತ್ತೆ, ಅದನ್ನು ಮೆಲ್ಲಗೆ ಕಿತ್ತು ಕೇಸಿನ ಜೊತೆ ಬರುವ ನೇರ ಪಟ್ಟಿ ಹಾಕಿಕೊಳ್ಳಬೇಕು.

ಡ್ರೈವಿನ ಹಿಂಭಾಗದ ಕನೆಕ್ಟರ್ ಸಾಟಾ ಹೌದಾ ನೋಡಿ. ಎರಡು ಚಪ್ಪಟೆ ತುಂಡು, ಒಂದು ಸ್ವಲ್ಪ ದೊಡ್ಡದು, ಇನ್ನೊಂದು ಚಿಕ್ಕದು ಇದ್ದರೆ ಸಾಟಾ. ಒಂದೇ ಉದ್ದನೆಯ, ಸಣ್ಣ ಸಣ್ಣ ಹಲ್ಲಿನ ಕನೆಕ್ಟರ್ ಆದರೆ ಐಡಿಇ. ಅದಕ್ಕೆ ಬೇರೆ ಕೇಸು, ಹುಡುಕುವ ತಾಪತ್ರಯ ಬೇಡ, ಬಿಟ್ಟುಬಿಡಿ.

ಬ್ಲೂ-ರೇ?

ಡಿವಿಡಿಗಿಂತ ಎಷ್ಟೋ ಹೆಚ್ಚು ಹಿಡಿಯುವ ಡಿಸ್ಕ್ ಇದು. ಇದನ್ನು ರೈಟ್ ಮಾಡುವ ಡ್ರೈವ್ ಹತ್ತು ಸಾವಿರದ ಆಸುಪಾಸಿನಿಂದ ಶುರು. ಒಂದು ಡಿಸ್ಕಿನಲ್ಲಿ 25 ಜಿಬಿ ಹಿಡಿಯುತ್ತೆ, ಎರಡು ಪದರದ್ದಾದರೆ 50. ಆ ದುಡ್ಡಿಗೆ ಒಳ್ಳೇ ಹಾರ್ಡ್‌ಡಿಸ್ಕೇ ಬರುತ್ತೆ. ಬ್ಲೂ-ರೇ ಸಿನಿಮಾ ಸಂಗ್ರಹ ಇರುವವರು ಬಿಟ್ಟರೆ ಬೇರೆಯವರಿಗೆ ನಾನು ಹೇಳುವುದಿಲ್ಲ. ಸಾವಿರ ವರ್ಷ ಬಾಳುತ್ತೆ ಅಂತ ಹೇಳಿಕೊಂಡ ‘ಎಂ-ಡಿಸ್ಕ್’ ರೈಟ್ ಮಾಡುತ್ತೆ ಅಂತಲೂ ಕೆಲವು ಡ್ರೈವ್‌ಗಳ ಮೇಲೆ ಬರೆದಿರುತ್ತೆ. ಆ ಡಿಸ್ಕ್ ಹೊರತಂದ ಮಿಲೆನಿಯಾಟಾ ಕಂಪನಿ 2016ರಲ್ಲೇ ದಿವಾಳಿಯಾಯಿತು!

ಎಲ್ಲಿ ಕೊಳ್ಳೋದು

ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ, ಟೌನ್‌ಹಾಲ್ ಹತ್ತಿರದ ಸಾದರ್ ಪತ್ರಪ್ಪ ರಸ್ತೆ. ಕಂಪ್ಯೂಟರಿನ ಬಿಡಿಭಾಗಕ್ಕೆ ಅದನ್ನು ಬಿಟ್ಟರೆ ಬೇರೆ ಜಾಗ ನೆನಪಿಗೆ ಬರುವುದು ಕಷ್ಟ. ಅಲ್ಲಿನ ದೊಡ್ಡ ಲಾಭ ಬೆಲೆಯಲ್ಲ, ಡ್ರೈವನ್ನು ಕೈಯಲ್ಲಿ ಹಿಡಿದು ನೋಡಬಹುದು ಅನ್ನೋದು. ಡ್ರೈವಿನ ಲೇಬಲ್ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತೆ. ಹೊಸದು ಅಂತ ಕೊಟ್ಟ ಡ್ರೈವಿನಲ್ಲಿ ಏಳೆಂಟು ವರ್ಷ ಹಿಂದಿನ ತಾರೀಖು ಇದ್ದರೆ ಕೇಳಿ, ಬೆಲೆ ಇಳಿಸಿ.

ಅಂಗಡಿಯಲ್ಲಿ ‘ಬಿಲ್ ಬೇಕಾ ಸಾರ್?’ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಬೇಕು ಅಂದರೆ 18% ಜಿಎಸ್‌ಟಿ ಸೇರಿಸುತ್ತೇವೆ ಅನ್ನುತ್ತಾರೆ. ಸಾವಿರದ ಇನ್ನೂರರ ಡ್ರೈವಿಗೆ ಅದು ಇನ್ನೂರು ಚಿಲ್ಲರೆ. ಕೊಟ್ಟುಬಿಡಿ. ಬಿಲ್ ಇಲ್ಲದೆ ವಾರಂಟಿ ಕೇಳೋಕೆ ಹೋದರೆ ಅಂಗಡಿಯವರ ಮರ್ಜಿ. ಹುಬ್ಬಳ್ಳಿ, ಮೈಸೂರು, ಮಂಗಳೂರಿನ ಕಂಪ್ಯೂಟರ್ ಅಂಗಡಿಗಳಲ್ಲೂ ಕೇಳಿ ನೋಡಿ. ಮಾರಾಟವಾಗದೆ ಉಳಿದ ಹೊಸ ಡ್ರೈವ್ ಒಂದೆರಡು ಮೂಲೆಯಲ್ಲಿ ಬಿದ್ದಿರುತ್ತವೆ. ಅದನ್ನು ಖಾಲಿ ಮಾಡಿದರೆ ಸಾಕು ಅನ್ನಿಸಿರುತ್ತೆ ಅವರಿಗೆ, ಚೌಕಾಸಿಗೆ ಬಗ್ಗುತ್ತಾರೆ.

ಆನ್‌ಲೈನಿನಲ್ಲಿ ಕೊಳ್ಳುವವರು ಗೀಟು ಹಾಕಿದ ಎಂಆರ್‌ಪಿ ನೋಡಿ ಖುಷಿಪಡಬೇಡಿ. ಅಮೆಜಾನ್‌ನಲ್ಲಾದರೆ ಕೀಪಾದಂಥ ಬೆಲೆ ಇತಿಹಾಸ ತೋರಿಸುವ ಸೈಟಿನಲ್ಲಿ ಆ ಸಾಮಾನಿನ ಲಿಂಕ್ ಹಾಕಿ, ಹಿಂದಿನ ತಿಂಗಳುಗಳಲ್ಲಿ ಎಷ್ಟಿತ್ತು ನೋಡಿ. ದಸರಾ ಹೊತ್ತಿನ ಸೇಲ್‌ಗಳಲ್ಲಿ ಮೊಬೈಲಿಗೆ ಸಿಗುವಷ್ಟು ರಿಯಾಯಿತಿ ಇಂಥ ಸಾಮಾನಿಗೆ ಸಿಗುವುದು ಅಪರೂಪ, ಇದಕ್ಕೋಸ್ಕರ ತಿಂಗಳುಗಟ್ಟಲೆ ಕಾಯಬೇಡಿ. ಸೆಲ್ಲರ್ ಯಾರು, ವಾಪಸ್ ತಗೊಳ್ಳುತ್ತಾರಾ ಇಲ್ಲಾ ಬರೀ ಬದಲಿ ಕೊಡುತ್ತಾರಾ, ಇದನ್ನು ಓದಿ. ರಿವ್ಯೂಗಳಲ್ಲಿ ಒಂದು ಸ್ಟಾರ್‌ನವು ಮೊದಲು ಓದಿ. ‘ಎರಡು ತಿಂಗಳಿಗೆ ನಿಂತುಹೋಯಿತು’ ಅನ್ನೋ ಮಾತು ಮತ್ತೆ ಮತ್ತೆ ಬಂದರೆ ಮುಂದಿನದಕ್ಕೆ ಹೋಗಿ.

ಡಿಸ್ಕಿನ ಖರ್ಚು ಮರೆಯಬೇಡಿ

ಡ್ರೈವಿನಲ್ಲಿ ಇನ್ನೂರು ಉಳಿಸಿ ಡಿಸ್ಕಿನಲ್ಲಿ ಕಳೆದುಕೊಳ್ಳುವವರು ಬಹಳ. ರೈಟ್ ಮಾಡುವ ಡಿವಿಡಿಯಲ್ಲಿ ಮಾಹಿತಿ ಕೂರುವುದು ಒಂದು ತೆಳು ಬಣ್ಣದ ಪದರದಲ್ಲಿ. ಆ ಬಣ್ಣ ಕಳಪೆಯಾದರೆ ಎಂಥ ಡ್ರೈವ್ ಇದ್ದರೂ ನಾಲ್ಕು ವರ್ಷಕ್ಕೆ ಡಿಸ್ಕ್ ಕೈಕೊಡುತ್ತೆ. ಒಂದು ಕಾಲದಲ್ಲಿ ನಮ್ಮಲ್ಲಿ ಎಲ್ಲಿ ನೋಡಿದರೂ ಮೋಸರ್ ಬೇರ್ ಡಿಸ್ಕ್. ₹28ಕ್ಕೆ ಸಿನಿಮಾ ವಿಸಿಡಿ, ₹34ಕ್ಕೆ ಡಿವಿಡಿ ಮಾರಿ ಪೈರಸಿ ಅಂಗಡಿಗಳಿಗೇ ಪೈಪೋಟಿ ಕೊಟ್ಟ ಕಂಪನಿ ಅದು. 2018ರಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರಲು ಆದೇಶವಾಯಿತು. ಆ ಹೆಸರಿನ ಡಬ್ಬ ಈಗ ಸಿಕ್ಕರೆ ಎಷ್ಟು ವರ್ಷ ಗೋದಾಮಿನಲ್ಲಿತ್ತು ಅಂತ ಕೇಳಿ. ವರ್ಬಾಟಿಮ್ ಇನ್ನೂ ಸಿಗುತ್ತೆ. ಮಿತ್ಸುಬಿಷಿ ಕೈಯಲ್ಲಿದ್ದ ಆ ಹೆಸರನ್ನು 2019ರಲ್ಲಿ ತೈವಾನಿನ ಸಿಎಂಸಿ ಕೊಂಡುಕೊಂಡಿತು. ಹೆಸರೇ ಇಲ್ಲದ ಬಿಳಿ ಡಿಸ್ಕ್‌ಗಳಿಗಿಂತ ಅದು ಎಷ್ಟೋ ಮೇಲು.

ಹಳೇ ಡಿವಿಡಿ ಪ್ಲೇಯರಿಗೆ ಹಾಕೋದಾದರೆ ‘ಮೈನಸ್ ಆರ್’ ಡಿಸ್ಕ್ ತಗೊಳ್ಳಿ, ‘ಪ್ಲಸ್ ಆರ್’ ಕೆಲವು ಹಳೇ ಪ್ಲೇಯರ್‌ಗಳಿಗೆ ಹಿಡಿಸಲ್ಲ. ಡಬ್ಬದ ಮೇಲೆ 4.7 ಜಿಬಿ ಅಂತ ಇದ್ದರೂ ವಿಂಡೋಸ್‌ನಲ್ಲಿ 4.38 ಅಂತಲೇ ಕಾಣುತ್ತೆ. ಅದು ಮೋಸ ಅಲ್ಲ, ಎಣಿಸುವ ರೀತಿ ಬೇರೆ. ಎರಡು ಪದರದ 8.5 ಜಿಬಿ ಡಿಸ್ಕ್ ಒಂದರ ಬೆಲೆಯಲ್ಲಿ ಮಾಮೂಲಿ ಡಿಸ್ಕ್ ನಾಲ್ಕೈದು ಬರುತ್ತವೆ, ಹಾಳಾಗುವುದೂ ಜಾಸ್ತಿ. ಮಾಮೂಲಿಯವನ್ನೇ ಎರಡು ಬಳಸಿ.

ಹೊರದೇಶದಿಂದ ತಂದ ಸಿನಿಮಾ ಡಿವಿಡಿ ಇರುವವರಿಗೆ ಒಂದು ವಿಷಯ. ಇಂಥ ಡಿಸ್ಕ್ ಯಾವ ದೇಶಗಳಲ್ಲಿ ಓಡಬೇಕು ಅನ್ನೋದಕ್ಕೆ ‘ರೀಜನ್’ ಅನ್ನೋ ನಂಬರ್ ಇರುತ್ತೆ. ಅಮೆರಿಕದ ಡಿಸ್ಕ್ ರೀಜನ್ 1, ಯುರೋಪಿನದು ಮತ್ತು ಕೊಲ್ಲಿ ದೇಶಗಳದ್ದು 2, ಭಾರತದ್ದು 5. ಡ್ರೈವಿನಲ್ಲಿ ರೀಜನ್ ಬದಲಿಸೋಕೆ ಐದೇ ಅವಕಾಶ, ಐದನೆಯದಕ್ಕೆ ಅದು ಅಲ್ಲೇ ಬೀಗ ಹಾಕಿಕೊಳ್ಳುತ್ತೆ. ಸೆಕೆಂಡ್ ಹ್ಯಾಂಡ್ ಡ್ರೈವ್ ಕೊಂಡರೆ ಹಿಂದಿನವರು ಎಷ್ಟು ಖರ್ಚು ಮಾಡಿದ್ದಾರೆ ನೋಡಿಕೊಳ್ಳಿ. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವಿನ ಪ್ರಾಪರ್ಟೀಸ್ ತೆರೆದರೆ ಉಳಿದ ಲೆಕ್ಕ ಕಾಣುತ್ತೆ. ಮದುವೆ ಡಿಸ್ಕಿಗೆ ಈ ಗೊಡವೆ ಇಲ್ಲ.

ಬಂದ ದಿನವೇ ಮಾಡಬೇಕಾದ್ದು

ಡ್ರೈವ್ ಯಾವುದೇ ಕೊಳ್ಳಿ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಪರೀಕ್ಷೆ ಮಾಡಿ. ಅಂಗಡಿಯಲ್ಲೇ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ಒಂದು ಖಾಲಿ ಡಿಸ್ಕನ್ನು ಅಂಚಿನವರೆಗೂ ತುಂಬುವ ಹಾಗೆ ರೈಟ್ ಮಾಡಿ. ಅರ್ಧ ಡಿಸ್ಕ್ ಪರೀಕ್ಷೆ ಪರೀಕ್ಷೆಯೇ ಅಲ್ಲ, ಕಳಪೆ ಡ್ರೈವ್ ಎಡವುವುದು ಬಹಳ ಸಲ ಹೊರ ಅಂಚಿನಲ್ಲೇ. ರೈಟ್ ಆದ ಮೇಲೆ ‘ವೆರಿಫೈ’ ಆಗಲಿ, ಅಂದರೆ ರೈಟ್ ಆದದ್ದು ಸರಿಯಿದೆಯಾ ಅಂತ ಓದಿ ನೋಡಿಕೊಳ್ಳಲಿ. ಆಮೇಲೆ ಆ ಡಿಸ್ಕನ್ನು ಬೇರೆ ಡ್ರೈವಿನಲ್ಲೋ ಟಿವಿ ಪಕ್ಕದ ಹಳೇ ಪ್ಲೇಯರ್‌ನಲ್ಲೋ ಹಾಕಿ ನೋಡಿ. ಕೊನೆಗೆ ನಿಮ್ಮ ಹತ್ತಿರ ಇರುವುದರಲ್ಲೇ ಅತಿ ಹೆಚ್ಚು ಗೀಚಿರುವ ಡಿಸ್ಕ್ ಹಾಕಿ. ಹಾಕುವ ಮುಂಚೆ ಮೆತ್ತನೆ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತಲೂ ತಿರುಗಿಸಿ ಒರೆಸಬೇಡಿ. ಡ್ರೈವ್ ತಡವರಿಸಿದರೂ ಓದಿ ಮುಗಿಸಿದರೆ ಇಟ್ಟುಕೊಳ್ಳಿ. ಡಿಸ್ಕನ್ನು ಗುರುತೇ ಹಿಡಿಯದಿದ್ದರೆ ಇನ್ನೊಂದು ಡ್ರೈವಿನಲ್ಲಿ ಅದೇ ಡಿಸ್ಕ್ ಹಾಕಿ ನೋಡಿ. ಅಲ್ಲಿ ಓದಿದರೆ ಹೊಸ ಡ್ರೈವನ್ನು ಬಿಲ್ ಸಮೇತ ವಾಪಸ್ ಕೊಡಿ. ಅಲ್ಲೂ ಓದದಿದ್ದರೆ ತಪ್ಪು ಡಿಸ್ಕಿನದು, ಆ ಸ್ಟುಡಿಯೋದವರ ಹತ್ತಿರ ಇನ್ನೊಂದು ಪ್ರತಿ ಇದೆಯಾ ಅಂತ ಇವತ್ತೇ ಫೋನ್ ಮಾಡಿ ಕೇಳಿ.